ಆಟದ ಸುದ್ದಿ ಹಬ್ಬಿದ ಬಗೆ

ಚಿನ್ನಿದಾಂಡಿಗೆ ಯಾರೂ ಪ್ರಚಾರ ಮಾಡಿದವರಿಲ್ಲ. ಬೀದಿಯ ದೊಡ್ಡ ಹುಡುಗರು ಆಡುತ್ತಿರುವಾಗ ಚಿಕ್ಕವರು ಜಗುಲಿಯ ಅಂಚಿನಲ್ಲಿ ಕುಳಿತು ನೋಡುತ್ತಾರೆ. ದೂರ ಸಿಡಿದ ಚಿನ್ನಿಯನ್ನು ಓಡಿಹೋಗಿ ಹೆಕ್ಕಿ ತಂದುಕೊಡುತ್ತಾರೆ. ಒಂದು ದಿನ ಆಟಕ್ಕೆ ಒಬ್ಬ ಕಡಮೆಯಾದಾಗ ದಾಂಡು ಅವರ ಕೈಗೆ ಬರುತ್ತದೆ. ನಿಯಮಗಳನ್ನು ಬರೆದಿಟ್ಟ ಪುಸ್ತಕವಿಲ್ಲದೆ, ಡಂಗುರದ ಸದ್ದಿಲ್ಲದೆ, ಆ ಆಟ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದಿದೆ. ಹೊಸದಾಗಿ ಹುಟ್ಟಿದ ಆಟಕ್ಕೆ ಈ ಸೌಭಾಗ್ಯವಿರುವುದಿಲ್ಲ. ಅದನ್ನು ಕಂಡವರೇ ಕೆಲವರು, ಆಡಿದವರು ಇನ್ನೂ ಕೆಲವರು. ಅದು ಬಾಳಬೇಕಾದರೆ ತನ್ನ ಇರವನ್ನು ತಾನೇ ಸಾರಿಕೊಳ್ಳಬೇಕಾಗುತ್ತದೆ. ಅಮೆರಿಕದಲ್ಲಿ ಬೆಳೆದ ಡಿಸ್ಕ್ ಗಾಲ್ಫ್ ಎಂಬ ಆಟವು ತನ್ನ ಸುದ್ದಿಯನ್ನು ಮೊದಲು ಬಾಯಿಮಾತಿನಿಂದಲೂ ಅಚ್ಚಿನ ಹಾಳೆಯಿಂದಲೂ, ಈಚೆಗೆ ಅಂತರಜಾಲದಿಂದಲೂ ಹರಡಿಕೊಂಡಿತು. ಈ ಎರಡು ಮಾಧ್ಯಮಗಳ ಬಲಾಬಲಗಳನ್ನು ತೂಗಿನೋಡಲು ಅದೊಂದು ಒಳ್ಳೆಯ ನಿದರ್ಶನ.

ಆಟ ಸರಳವಾದುದು. ಗಾಲ್ಫಿನ ಚೆಂಡಿನ ಬದಲು ಇಲ್ಲಿ ಒಂದು ಗೇಣಿಗೆ ಸಮೀಪವಾದ ಅಗಲವುಳ್ಳ ಪ್ಲಾಸ್ಟಿಕ್ ತಟ್ಟೆ. ಕೋಲಿನ ಬದಲು ಬರಿಯ ತೋಳು. ನೆಲದ ಕುಳಿಯ ಬದಲು ಕಂಬದ ಮೇಲಿನಿಂದ ಇಳಿಬಿಟ್ಟ ಸರಪಳಿಗಳು ಮತ್ತು ಅವುಗಳ ಕೆಳಗೊಂದು ಲೋಹದ ಬುಟ್ಟಿ. ತಟ್ಟೆಯು ಸರಪಳಿಗೆ ತಾಗಿ ಬುಟ್ಟಿಯಲ್ಲಿ ಬಿದ್ದರೆ ಆ ಗುರಿ ಮುಗಿಯಿತು. ಸಾಮಾನ್ಯವಾಗಿ ಒಂದು ಅಂಗಳದಲ್ಲಿ 9 ಅಥವಾ 18 ಬುಟ್ಟಿಗಳಿರುತ್ತವೆ. ಎಲ್ಲವನ್ನೂ ಅತ್ಯಂತ ಕಡಮೆ ಎಸೆತಗಳಲ್ಲಿ ಮುಗಿಸಿದವನೇ ಗೆದ್ದವನು.

ಅಂಗಳ ಎಂದೊಡನೆ ಗುಡಿಸಿ ಸಾರಿಸಿದ ಬಯಲನ್ನು ಕಲ್ಪಿಸಿಕೊಳ್ಳಬಾರದು. ಡಿಸ್ಕ್ ಗಾಲ್ಫಿನ ಅಂಗಳಗಳು ಬಹುಮಟ್ಟಿಗೆ ಸಾರ್ವಜನಿಕ ಉದ್ಯಾನಗಳಲ್ಲಿ, ಮರಗಳ ನಡುವೆ, ಹಳ್ಳದ ದಂಡೆಗಳಲ್ಲಿ ಹರಡಿಕೊಂಡಿರುತ್ತವೆ. ಅವುಗಳಿಗೆ ಬೇಲಿಯಿಲ್ಲ, ಪ್ರೇಕ್ಷಕರ ಅಟ್ಟಣಿಗೆಯಿಲ್ಲ. ಹಲವೆಡೆ ಪ್ರವೇಶ ಶುಲ್ಕವೂ ಇಲ್ಲ. ಶುಲ್ಕವಿಲ್ಲದಿರುವುದು ಆಟಗಾರನಿಗೆ ಲಾಭವೇ ಸರಿ. ಆದರೆ ಆದಾಯವಿಲ್ಲದ ಕಡೆ ಜಾಹೀರಾತಿಗೆ ಹಣ ಹಾಕುವ ಒಡೆಯನೂ ಇರುವುದಿಲ್ಲವಷ್ಟೆ. ತನ್ನ ಮನೆಯಿಂದ ಕೂಗಳತೆಯ ದೂರದಲ್ಲಿ ಇಂತಹುದೊಂದು ಅಂಗಳವಿದೆಯೆಂಬುದನ್ನು ಅರಿಯದೆಯೇ ಒಬ್ಬನು ವರ್ಷಗಟ್ಟಲೆ ಬದುಕಬಹುದು. ಆದುದರಿಂದ ಈ ಆಟದ ಪ್ರಚಾರದ ಹೊಣೆ ಆಟಗಾರರ ಹೆಗಲ ಮೇಲೆಯೇ ಬಿದ್ದಿತು.

ಸುದ್ದಿ ಹಬ್ಬದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾ ದೇಶದ ಒಂದು ಘಟನೆ ಸಾಕ್ಷಿ. ಸಸ್ಕಾಚೆವಾನ್ ಪ್ರಾಂತದ ಬ್ಲಾಡ್‌ವರ್ತ್ ಎಂಬ ಚಿಕ್ಕ ಊರಿನ ಶಾಲೆಯಲ್ಲಿ 1926ರಲ್ಲಿ ಕೆಲವು ಮಕ್ಕಳು ತಗಡಿನ ಮುಚ್ಚಳಗಳನ್ನು ಗುರಿಯಿಟ್ಟು ಎಸೆಯುವ ಆಟವೊಂದನ್ನು ಹೂಡಿದರು. ಅದಕ್ಕೆ 'ಟಿನ್ ಲಿಡ್ ಗಾಲ್ಫ್', ಎಂದರೆ ಮುಚ್ಚಳದ ಗಾಲ್ಫ್, ಎಂದು ಹೆಸರನ್ನೂ ಇಟ್ಟುಕೊಂಡರು. ಆಟ ಚೆನ್ನಾಗಿಯೇ ನಡೆಯಿತು. ಮಕ್ಕಳು ಬೆಳೆದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಆಟವೂ ಅಲ್ಲಿಗೆ ನಿಂತುಹೋಯಿತು. ಸುಮಾರು 40 ವರ್ಷಗಳ ತರುವಾಯ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಅದೇ ಕಲ್ಪನೆ ಮತ್ತೆ ಹುಟ್ಟಬೇಕಾಯಿತು. ಹಾಗೆ ಕಲ್ಪಿಸಿಕೊಂಡ ಪ್ರತಿಯೊಬ್ಬರೂ ತಾವೇ ಮೊದಲಿಗರೆಂದು ಭಾವಿಸಿದ್ದರೆ ಅಚ್ಚರಿಯಿಲ್ಲ.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ನಡೆದುದೂ ಹೀಗೆಯೇ. ಅಲ್ಲಿ ಜಿಮ್ ಪಾಮೆರಿ ಮತ್ತು ಅವನ ಗೆಳೆಯರು 1970ರ ಸುಮಾರಿಗೆ ತಟ್ಟೆಯ ಗಾಲ್ಫನ್ನು ಪಂದ್ಯದ ಆಟವಾಗಿಯೇ ಆಡತೊಡಗಿದ್ದರು. ಇಡೀ ದೇಶದಲ್ಲಿ ಈ ಹುಚ್ಚು ಹಿಡಿದವರು ತಾವು ಮಾತ್ರವೆಂದು ಅವರು ನಂಬಿದ್ದರು. ಬೇರೆಡೆಯಲ್ಲಿಯೂ ತಟ್ಟೆ ಎಸೆಯುವವರ ಕೂಟಗಳುಂಟೆಂಬ ಸುಳಿವು ಸಿಕ್ಕಿದುದು 1973ರ ಹೊತ್ತಿಗೆ. ಇದ್ದರೆ ಅವರು ಯಾರು, ಎಲ್ಲಿದ್ದಾರೆ, ತಮ್ಮಂತೆಯೇ ಗಾಲ್ಫನ್ನೂ ಆಡುವರೇ? ತಿಳಿಯಲು ದೂರವಾಣಿಯ ಪುಸ್ತಕವಾಗಲಿ ಸಂಘದ ಪಟ್ಟಿಯಾಗಲಿ ನೆರವಾಗುವಂತಿರಲಿಲ್ಲ. ಕೊನೆಗೆ ಅವರು ಕಂಡುಕೊಂಡ ಉಪಾಯ ಸೊಗಸಾದುದು. 1974ರಲ್ಲಿ ಇಡೀ ದೇಶಕ್ಕೆ ತೆರೆದ ಒಂದು ಪಂದ್ಯವನ್ನು ಸಾರಿ, ಗೆದ್ದವನಿಗೆ ಹೊಚ್ಚಹೊಸ ಡ್ಯಾಟ್ಸನ್ ಕಾರೊಂದನ್ನು ಬಹುಮಾನವಾಗಿ ಇಟ್ಟರು. ಪ್ಲಾಸ್ಟಿಕ್ ತಟ್ಟೆ ಎಸೆದು ಕಾರು ಗೆಲ್ಲಬಹುದೆಂಬ ಸುದ್ದಿ ಯಾರ ಬಾಯಲ್ಲಿ ತಾನೆ ನಿಂತೀತು? ದೇಶದ ಮೂಲೆಮೂಲೆಗಳಿಂದ ಆಟಗಾರರು ಬಂದರು. ಕಾರನ್ನು ಗೆದ್ದವನು ಡ್ಯಾನ್ ರಾಡಿಕ್. ಅವನು ಮರುವರ್ಷ ಫ್ರಿಸ್ಬಿ ತಟ್ಟೆಗಳನ್ನು ತಯಾರಿಸುತ್ತಿದ್ದ ವ್ಯಾಮ್-ಒ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದನು. ಕಾರಿಗಾಗಿ ಹಣ ಹೊಂದಿಸಿದವರು ನಿಜವಾಗಿ ಕೊಂಡದ್ದು ಪರಸ್ಪರ ಪರಿಚಯವನ್ನು.

ಅದೇ ಸಂಸ್ಥೆಯಲ್ಲಿದ್ದ ಎಡ್ ಹೆಡ್ರಿಕ್ ಈ ಆಟದ ಜನಕನೆಂದು ಹೆಸರಾದವನು. ಕ್ಯಾಲಿಫೋರ್ನಿಯಾದ ಲಾ ಕನ್ಯಾಡಾ ಎಂಬಲ್ಲಿ ಓಕ್ ಗ್ರೋವ್ ಉದ್ಯಾನದಲ್ಲಿ 1975ರಲ್ಲಿ ಮೊದಲ ಶಾಶ್ವತ ಅಂಗಳವನ್ನು ಅವನು ರೂಪಿಸಿದನು. ಅಲ್ಲಿ ಮೊದಲಿಗೆ ಗುರಿಯಾಗಿದ್ದುದು ನೆಲದಲ್ಲಿ ನೆಟ್ಟ ಬರಿಯ ಕಂಬಗಳು. ತಟ್ಟೆ ಕಂಬಕ್ಕೆ ತಾಗಿತೆಂದು ಎಸೆದವನು, ಇಲ್ಲವೆಂದು ಎದುರಾಳಿ. ಇಂತಹ ಜಗಳಕ್ಕೆ ಮುಗಿವೆಲ್ಲಿ? ಸರಪಳಿಯ ಬುಟ್ಟಿಯನ್ನು ಕಂಡುಹಿಡಿದು ಆತ ಈ ವ್ಯಾಜ್ಯವನ್ನು ಬಗೆಹರಿಸಿದನು. 1977ರಲ್ಲಿ ಅದಕ್ಕೆ ಪೇಟೆಂಟೂ ದೊರೆಯಿತು. ಬುಟ್ಟಿಯಿಂದ ಇನ್ನೊಂದು ಉಪಕಾರವಾಯಿತು. ಉದ್ಯಾನದಲ್ಲಿ ವಿಹರಿಸುವವನ ಕಿವಿಗೆ ಸರಪಳಿಯ ಝಣತ್ಕಾರ ಬಿದ್ದರೆ ಅವನು ತಿರುಗಿ ನೋಡದೆ ಇರಲಾರ. ಯಾವ ಪತ್ರಿಕೆಯಲ್ಲಿಯೂ ಅಚ್ಚಾಗದ ಆ ಸದ್ದು ಈ ಆಟಕ್ಕೆ ಎಷ್ಟು ಜನರನ್ನು ಕರೆತಂದಿದೆಯೊ ಲೆಕ್ಕವಿಟ್ಟವರಾರು!

1976ರಲ್ಲಿ ಹೆಡ್ರಿಕ್ ವೃತ್ತಿಪರ ಆಟಗಾರರ ಸಂಘವನ್ನು ಸ್ಥಾಪಿಸಿದನು. ಪಿ.ಡಿ.ಜಿ.ಎ. ಎಂದು ಹೆಸರಾದ ಆ ಸಂಘದ 1ನೆಯ ಸಂಖ್ಯೆಯ ಸದಸ್ಯ ಅವನೇ. ಅಲ್ಲಿಂದ ಮುಂದಿನ ಎರಡು ದಶಕಗಳನ್ನು ಅಚ್ಚಿನ ಹಾಳೆಯ ಕಾಲವೆನ್ನಬೇಕು. ವ್ಯಾಮ್-ಒ ಸಂಸ್ಥೆಯ ಆಶ್ರಯದಲ್ಲಿ ಹೊರಡುತ್ತಿದ್ದ 'ಫ್ರಿಸ್ಬಿ ವರ್ಲ್ಡ್' ಎಂಬ ಪತ್ರಿಕೆ ತಟ್ಟೆಯ ಎಲ್ಲ ಆಟಗಳಿಗೂ ಎಡೆ ಕೊಟ್ಟಿತು. 1980ರ ದಶಕದಲ್ಲಿ ಮಿಸೌರಿ ರಾಜ್ಯದ ಕೊಲಂಬಿಯಾದಿಂದ ರಿಕ್ ರಾತ್‌ಸ್ಟೈನ್ ಎಂಬಾತ 'ಡಿಸ್ಕ್ ಗಾಲ್ಫ್ ವರ್ಲ್ಡ್ ನ್ಯೂಸ್' ಪತ್ರಿಕೆಯನ್ನು ನಡೆಸತೊಡಗಿದನು. ಅಂಚೆಯವನು ಇಂತಹ ಸಂಚಿಕೆಯನ್ನು ಮನೆಬಾಗಿಲಿಗೆ ತರುವ ವೇಳೆಗೆ ಪಂದ್ಯದ ಸುದ್ದಿ ಹಳತಾಗಿರುತ್ತಿತ್ತು. ಆದರೂ ಓದುವವನಿಗೆ ಅದರಿಂದ ಬೇಸರವಿಲ್ಲ. ನೂರಾರು ಮೈಲಿ ದೂರದ ಊರಿನಲ್ಲಿ ತನ್ನಂತೆಯೇ ಎಸೆಯುವವನೊಬ್ಬನಿದ್ದಾನೆ, ಅವನ ಎಣಿಕೆ ಇಷ್ಟು, ಅವನ ಹೆಸರು ಇದು ಎಂಬ ಅರಿವೇ ಅವನಿಗೆ ಬೇಕಾಗಿದ್ದುದು. ಸಂಚಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. ಮನೆಯ ಮೇಜಿನ ಮೇಲೆ ಬಿದ್ದಿದ್ದ ಅದನ್ನು ಆಟದ ಗಂಧವಿಲ್ಲದ ಅತಿಥಿಯೂ ತಿರುವಿಹಾಕಿರಬಹುದು.

ಅಚ್ಚಿನ ಇನ್ನೊಂದು ಸಾಮರ್ಥ್ಯ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಹೊಸ ಅಂಗಳಕ್ಕೆ ಜಾಗ ಬೇಕೆಂದರೆ ಆಟಗಾರರು ನಗರಸಭೆಯ ಇಲ್ಲವೆ ಉದ್ಯಾನ ಇಲಾಖೆಯ ಸಮಿತಿಯ ಮುಂದೆ ನಿಲ್ಲಬೇಕು. ತಟ್ಟೆ ಎಸೆಯುವುದು ಹುಡುಗಾಟವೆಂದೇ ಬಗೆದಿರುವ ಸದಸ್ಯರೂ ಅಲ್ಲಿರುತ್ತಾರೆ. ಅವರ ಮುಂದೆ ಅಚ್ಚಾದ ನಿಯಮಾವಳಿಯನ್ನೂ, ಉದ್ಯಾನದ ನಕ್ಷೆಯನ್ನೂ, ಬೇರೆ ಊರಿನ ಅಂಗಳದ ವಿಷಯವಾಗಿ ಅಲ್ಲಿನ ವೃತ್ತಪತ್ರಿಕೆಯಲ್ಲಿ ಬಂದ ವರದಿಯನ್ನೂ ಇಟ್ಟರೆ ಮಾತಿಗೆ ತೂಕ ಬರುತ್ತದೆ. ಅಚ್ಚಾದುದೆಲ್ಲವೂ ಸತ್ಯವೇನಲ್ಲ. ಆದರೆ ಅಚ್ಚಿನ ಹಿಂದೆ ಯಾರೋ ಹಣವನ್ನೂ ಶ್ರಮವನ್ನೂ ತೊಡಗಿಸಿದ್ದಾರೆಂಬುದು ನೋಡಿದೊಡನೆ ತಿಳಿಯುತ್ತದೆ. ಸಮಿತಿಗಳು ಇಂತಹ ಗುರುತುಗಳಿಗೆ ಮನ್ನಣೆ ಕೊಡುತ್ತವೆ.

ಅಂತರಜಾಲ ಬಂದ ಮೇಲೆ ಚಿತ್ರವೇ ಬದಲಾಯಿತು. ಅಚ್ಚಿನ ಅಂಗಳಸೂಚಿಯ ದೊಡ್ಡ ದೋಷವೆಂದರೆ ಅದು ಹೊರಬಂದ ದಿನದಿಂದಲೇ ಹಳತಾಗುತ್ತ ಹೋಗುವುದು. ಪ್ರವಾಹದಲ್ಲಿ ಎರಡು ಬುಟ್ಟಿಗಳು ಕೊಚ್ಚಿಹೋದರೆ, ಇಲಾಖೆಯವರು ಉದ್ಯಾನವನ್ನು ಮುಚ್ಚಿದರೆ, ದೂರದಿಂದ ಬಂದ ಆಟಗಾರ ಪುಸ್ತಕವನ್ನು ನಂಬಿ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತಿತ್ತು. ಜಾಲತಾಣದಲ್ಲಿ ಅಂದಿನ ತಿದ್ದುಪಡಿಯನ್ನು ಅಂದೇ ಸೇರಿಸಬಹುದು. 2012ರಲ್ಲಿ ಆರಂಭವಾದ ಯುಡಿಸ್ಕ್ ಎಂಬ ಮೊಬೈಲ್ ಆ್ಯಪ್ ಅಂಗಳದ ದಾರಿಯನ್ನೂ ಪ್ರತಿಯೊಂದು ಬುಟ್ಟಿಯ ದೂರವನ್ನೂ ತೋರಿಸಿ, ಎಸೆತಗಳ ಲೆಕ್ಕವನ್ನೂ ಇಟ್ಟುಕೊಡುತ್ತದೆ. ಒಂದು ಕಾಲಕ್ಕೆ ಪಂಚಾಂಗದಷ್ಟು ಜೋಪಾನವಾಗಿ ಕಾರಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಪುಸ್ತಕದ ಕೆಲಸ ಜೇಬಿನ ದೂರವಾಣಿಗೆ ಬಂದಿತು. ಈ ಒಂದು ವಿಷಯದಲ್ಲಿ ಅಚ್ಚು ಅಂತರಜಾಲಕ್ಕೆ ಸರಿದೊರೆಯಲ್ಲ. ವಾದಕ್ಕೆ ಎಡೆಯೇ ಇಲ್ಲ.

ಚಲನಚಿತ್ರಗಳ ಪ್ರಭಾವ ಇನ್ನೂ ದೊಡ್ಡದು. ಈ ಆಟದ ಸೊಬಗಿರುವುದು ತಟ್ಟೆ ಗಾಳಿಯಲ್ಲಿ ಬಾಗಿ ಹೊರಳುವ ಪರಿಯಲ್ಲಿ. ಅದನ್ನು ಯಾವ ಲೇಖನವೂ ಯಾವ ಸ್ಥಿರಚಿತ್ರವೂ ತೋರಿಸಲಾರದು. ದೂರದರ್ಶನ ಸಂಸ್ಥೆಗಳು ತಿರುಗಿಯೂ ನೋಡದಿದ್ದ ಪಂದ್ಯಗಳನ್ನು ಜೋಮೆಜ್ ಪ್ರೊ ಮೊದಲಾದ ಆಟಗಾರರ ತಂಡಗಳು ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಉಚಿತವಾಗಿ ಬಿತ್ತರಿಸಿದವು. 2021ರ ಜೂನ್ ತಿಂಗಳಿನಲ್ಲಿ ಯೂಟಾ ರಾಜ್ಯದ ಆಗ್ಡನ್ ನಗರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅದಾಗಲೇ 5 ಬಾರಿ ವಿಶ್ವವಿಜೇತನಾಗಿದ್ದ ಪಾಲ್ ಮೆಕ್‌ಬೆತ್ ಕೊನೆಯ ಗುರಿಯಲ್ಲಿ ಒಂದು ಎಸೆತದಷ್ಟು ಮುಂದಿದ್ದನು. ಜೇಮ್ಸ್ ಕಾನ್ರಾಡ್ ಎಂಬ ನೀಳಗೂದಲಿನ ಆಟಗಾರ ಸೋಲು ಖಂಡಿತವೆನಿಸಿದ ಆ ಗಳಿಗೆಯಲ್ಲಿ 247 ಅಡಿ ದೂರದಿಂದ ಎಸೆದನು. ತಟ್ಟೆ ಬಾಗಿ ಬಂದು ಸರಪಳಿಗೆ ಬಡಿದು ಬುಟ್ಟಿಯಲ್ಲಿ ನಿಂತಿತು. ಪಂದ್ಯ ಸಮವಾಗಿ, ಮುಂದಿನ ಹೆಚ್ಚುವರಿ ಆಟದಲ್ಲಿ ಕಾನ್ರಾಡ್ ಗೆದ್ದನು. ಕೆಲವೇ ಕ್ಷಣಗಳ ಆ ದೃಶ್ಯ ಅಂತರಜಾಲದಲ್ಲಿ ಹಬ್ಬಿ, ಇ.ಎಸ್.ಪಿ.ಎನ್. ದೂರದರ್ಶನದ ಕ್ರೀಡಾವಾರ್ತೆಗೂ ಏರಿತು. ಡಿಸ್ಕ್ ಗಾಲ್ಫ್ ಎಂಬ ಹೆಸರನ್ನೇ ಕೇಳದಿದ್ದವರೂ ಅಂದು ಅದನ್ನು ಕಂಡರು.

ಸಂಘದ ಸದಸ್ಯತ್ವವೂ ಆ ವರ್ಷಗಳಲ್ಲಿ ಏರಿತು. 2019ರಲ್ಲಿ ಸುಮಾರು 53 ಸಾವಿರವಿದ್ದ ಚಾಲ್ತಿ ಸದಸ್ಯರ ಸಂಖ್ಯೆ 2021ರಲ್ಲಿ ಒಂದು ಲಕ್ಷವನ್ನು ದಾಟಿತು. ಇದೆಲ್ಲವೂ ಅಂತರಜಾಲದ ಪ್ರಸಾದವೆಂದು ಹೇಳುವವರುಂಟು. ಅದು ಅವಸರದ ತೀರ್ಮಾನ. ಕೊರೋನಾ ಸಾಂಕ್ರಾಮಿಕದ ದಿನಗಳಲ್ಲಿ ಒಳಾಂಗಣದ ಆಟಗಳೂ ಗುಂಪಿನ ಆಟಗಳೂ ನಿಂತುಹೋಗಿ, ಬಯಲಿನಲ್ಲಿ ದೂರ ದೂರ ನಿಂತು ಆಡಬಹುದಾದ ಆಟವನ್ನು ಜನ ತಾವಾಗಿ ಅರಸಿಕೊಂಡು ಬಂದರು. ಬಂದವರಿಗೆ ಅಂಗಳದ ದಾರಿಯನ್ನೂ ಎಸೆಯುವ ಕ್ರಮವನ್ನೂ ಥಟ್ಟನೆ ತೋರಿಸಿಕೊಟ್ಟ ಶ್ರೇಯಸ್ಸು ಮಾತ್ರ ಅಂತರಜಾಲಕ್ಕೆ ಸಲ್ಲುತ್ತದೆ.

ಇಲ್ಲಿಯೇ ಎರಡು ಮಾಧ್ಯಮಗಳ ನಿಜವಾದ ಭೇದವಿರುವುದು. ಅಂತರಜಾಲವು ಬಹುಮಟ್ಟಿಗೆ ಅರಸುವವನ ಮಾಧ್ಯಮ. ಅರಸಬೇಕಾದರೆ ವಸ್ತುವಿನ ಹೆಸರಾದರೂ ತಿಳಿದಿರಬೇಕು. ಕಾನ್ರಾಡನ ಎಸೆತದಂತಹ ದೃಶ್ಯ ಯಾವಾಗಲೊ ಒಮ್ಮೆ ಕಟ್ಟೆಯೊಡೆದು ಎಲ್ಲರ ಮನೆಗೂ ಹರಿಯುವುದುಂಟು. ಉಳಿದ ದಿನಗಳಲ್ಲಿ ಯೂಟ್ಯೂಬಿನಂತಹ ತಾಣಗಳು ಡಿಸ್ಕ್ ಗಾಲ್ಫಿನ ಚಿತ್ರವನ್ನು ತೋರಿಸುವುದು ನಿನ್ನೆ ಅಂತಹುದನ್ನೇ ನೋಡಿದ್ದವನಿಗೆ. ಭಕ್ತನಿಗೆ ಮತ್ತೆ ಮತ್ತೆ ಪ್ರಸಾದ ಸಿಗುತ್ತದೆ. ದೇವಸ್ಥಾನವಿರುವುದನ್ನೇ ಅರಿಯದ ದಾರಿಹೋಕ ಹಾಗೆಯೇ ಹಾದುಹೋಗುತ್ತಾನೆ. ಗ್ರಂಥಾಲಯದ ಗೋಡೆಗೆ ಅಂಟಿಸಿದ ಭಿತ್ತಿಪತ್ರ, ಕ್ರೀಡಾಸಾಮಗ್ರಿಯ ಅಂಗಡಿಯಲ್ಲಿ ಕೈಗೆ ಬಂದ ಕರಪತ್ರ, ಊರಿನ ವೃತ್ತಪತ್ರಿಕೆಯ ಒಳಪುಟದ ವರದಿ, ಇವು ಏನನ್ನೂ ಅರಸದೆ ಬಂದವನ ಕಣ್ಣಿಗೂ ಬೀಳುತ್ತವೆ. ಬೆಳೆಯುವ ಆಟಕ್ಕೆ ಬೇಕಾದವನು ಅವನೇ. ಪಂದ್ಯದಲ್ಲಿ ಗೆದ್ದ ಹುಡುಗಿಯ ಹೆಸರು ಊರಿನ ಪತ್ರಿಕೆಯಲ್ಲಿ ಬಂದರೆ ಅವಳ ತಾಯಿ ಅದನ್ನು ಕತ್ತರಿಸಿಡುತ್ತಾಳೆ, ನೆರೆಯವರಿಗೆ ತೋರಿಸುತ್ತಾಳೆ, ಆ ನೆರೆಮನೆಯ ಹುಡುಗರು ಮರುದಿನ ಆ ತಟ್ಟೆ ಯಾವುದೆಂದು ಕೇಳುತ್ತ ಬರುತ್ತಾರೆ.

ಖರ್ಚಿನ ಮಾತು ಬಂದಾಗ ಸಣ್ಣ ಕೂಟಗಳು ಅಂತರಜಾಲದ ಕಡೆಗೆ ವಾಲುವುದು ಸಹಜ. ಕರಪತ್ರಕ್ಕೆ ಹಣ ತೆರಬೇಕು, ಹಂಚಲು ಕಾಲುಗಳು ಬೇಕು. ಮಾಡಿದ ಮೇಲೂ ಎಷ್ಟು ಜನ ಓದಿದರೆಂದು ತಿಳಿಯದು. ಜಾಲತಾಣವಾದರೆ ನೋಡಿದವರ ಸಂಖ್ಯೆಯನ್ನು ಒಡನೆಯೇ ಒಪ್ಪಿಸುತ್ತದೆ. ಈ ಸಂಖ್ಯೆಯ ಮೋಹ ಕೆಟ್ಟದ್ದು. ನೋಡಿದವರೆಲ್ಲ ಎಸೆದವರಲ್ಲ. ಸಾವಿರ ಮಂದಿ ನೋಡಿದ ಚಿತ್ರಕ್ಕಿಂತ ಹತ್ತು ಮಂದಿಯನ್ನು ಭಾನುವಾರದ ಬೆಳಗ್ಗೆ ಉದ್ಯಾನಕ್ಕೆ ಕರೆತಂದ ಹಾಳೆ ಆ ಊರಿನ ಕೂಟಕ್ಕೆ ಹೆಚ್ಚು ಬೆಲೆಯುಳ್ಳದ್ದು.

ಕಾಲದ ಪರೀಕ್ಷೆಯೂ ಒಂದುಂಟು. 1970ರ ದಶಕದ ಆಟದ ಚರಿತ್ರೆಯನ್ನು ಇಂದು ಬರೆಯುವವರಿಗೆ ಹಳೆಯ ಆಟಗಾರರ ನೆನಪಿನ ಜೊತೆಗೆ ಅಂದಿನ ಸುದ್ದಿಪತ್ರಗಳೂ ಸಂಚಿಕೆಗಳೂ ಆಧಾರವಾಗಿವೆ. ಹಾಳೆ ಹಳದಿಯಾಗಿದ್ದರೂ ಅಕ್ಷರ ಅಳಿಸಿಲ್ಲ. ಜಾಲತಾಣವಾದರೊ, ಅದರ ವಾರ್ಷಿಕ ಬಾಡಿಗೆ ಕಟ್ಟುವವರಿಲ್ಲದಂದು ಒಮ್ಮೆಗೇ ಕಣ್ಮರೆಯಾಗುತ್ತದೆ. ಅದರೊಂದಿಗೆ ಹತ್ತು ವರ್ಷಗಳ ಪಂದ್ಯಗಳ ಫಲಿತಾಂಶಗಳೂ ಛಾಯಾಚಿತ್ರಗಳೂ ಹೋಗಿಬಿಡಬಹುದು.

ಇಂದು ಅನೇಕ ಅಂಗಳಗಳ ಬಾಗಿಲಲ್ಲಿ ಒಂದು ಫಲಕ ನಿಂತಿರುತ್ತದೆ. ಅದರ ಮೇಲೆ 18 ಗುರಿಗಳ ನಕ್ಷೆ, ನಾಲ್ಕಾರು ಸಾಲಿನ ನಿಯಮಗಳು, ಕೆಳಗಿನ ಮೂಲೆಯಲ್ಲಿ ಕಪ್ಪು ಬಿಳುಪಿನ ಸಣ್ಣ ಚೌಕಗಳಿಂದಾದ ಒಂದು ಸಂಕೇತ. ನಾಯಿಯನ್ನು ತಿರುಗಾಡಿಸಲು ಬಂದವನು ಸರಪಳಿಯ ಸದ್ದು ಕೇಳಿ ಅಲ್ಲಿ ನಿಲ್ಲುತ್ತಾನೆ, ಫಲಕವನ್ನು ಓದುತ್ತಾನೆ, ಆ ಸಂಕೇತಕ್ಕೆ ತನ್ನ ಮೊಬೈಲನ್ನು ಹಿಡಿಯುತ್ತಾನೆ. ಅಂಗಳದ ಪೂರ್ಣ ವಿವರ ಅವನ ಕೈಯಲ್ಲಿ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಆಟ ಮುಗಿಸಿ ಬಂದ ಯಾರಾದರೊಬ್ಬರು ತಮ್ಮ ಚೀಲದಿಂದ ಹಳೆಯ ತಟ್ಟೆಯೊಂದನ್ನು ತೆಗೆದು, ಎಸೆದು ನೋಡಿ ಎಂದು ಅವನ ಕೈಗೆ ಕೊಡುವುದೂ ಉಂಟು.