ಚರ್ಮಕ್ಕೆ ಎಣ್ಣೆ: ಯಾವುದು, ಯಾವಾಗ, ಹೇಗೆ?



ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ತೋಟದಲ್ಲಿ ದುಡಿದು ನಮ್ಮ ಕೈಕಾಲು ಒಡೆಯುತ್ತದೆ. ಚಳಿಗಾಲದಲ್ಲಿ ಉರಿ, ತುರಿಕೆ ಬೇರೆ. "ಸಿಸ್ಟರ್, ಅಂಗಡಿ ಕ್ರೀಮೇ ಬೇಕಾ, ಮನೆ ಎಣ್ಣೆ ಸಾಕಾ?" ಎಂದು ಸಂಘದ ಸಭೆಗಳಲ್ಲಿ ಕೇಳುವವರಿದ್ದಾರೆ. ಈ ತಿಂಗಳು ಅದನ್ನೇ ಕಲಿಯೋಣ.

1. ಚರ್ಮ ಒಂದು ಗೋಡೆ
ಚರ್ಮದ ಹೊರಪದರ ಇಟ್ಟಿಗೆ ಗೋಡೆಯ ಹಾಗೆ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬಿನಂಶ ಗಾರೆ. ಈ ಗೋಡೆ ಒಳಗಿನ ನೀರು ಆರಿಹೋಗದಂತೆ, ಹೊರಗಿನ ರೋಗಾಣು ಒಳಬರದಂತೆ ಕಾಯುತ್ತದೆ. ಸೋಪು, ಬಿಸಿನೀರು ಅತಿಯಾದರೆ ಗಾರೆ ಸವೆಯುತ್ತದೆ, ಗೋಡೆ ಬಿರುಕು ಬಿಡುತ್ತದೆ.

ಎಣ್ಣೆಯಲ್ಲಿ ನೀರಿಲ್ಲ. ಚರ್ಮದಲ್ಲಿರುವ ನೀರನ್ನು ಅದು ಹಿಡಿದಿಡುತ್ತದೆ, ಅಷ್ಟೇ. ಆದ್ದರಿಂದ ಸ್ನಾನವಾದ ಕೂಡಲೇ ಮೈ ಒರೆಸಿ, ಚರ್ಮ ಇನ್ನೂ ಹಸಿಯಿರುವಾಗಲೇ ತೆಳ್ಳಗೆ ಹಚ್ಚಬೇಕು.

2. ಎಲ್ಲ ಎಣ್ಣೆಯೂ ಒಂದೇ ಅಲ್ಲ
* ತೆಂಗಿನೆಣ್ಣೆ: ಒಣ ಚರ್ಮಕ್ಕೆ ಒಳ್ಳೆಯದು. ಇಸುಬು ಇದ್ದ 117 ಮಕ್ಕಳ ಮೇಲೆ ಫಿಲಿಪ್ಪೀನ್ಸ್‌ನಲ್ಲಿ 8 ವಾರ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಖನಿಜ ಎಣ್ಣೆಗಿಂತ ಶುದ್ಧ ತೆಂಗಿನೆಣ್ಣೆ ಹೆಚ್ಚು ಗುಣ ತೋರಿಸಿತು.
* ಸೂರ್ಯಕಾಂತಿ ಎಣ್ಣೆ: ಇದರ ಲಿನೋಲಿಕ್ ಆಮ್ಲ ಚರ್ಮದ ಗಾರೆಗೆ ಬೇಕಾದ ವಸ್ತು.
* ಆಲಿವ್ ಎಣ್ಣೆ: ದುಬಾರಿ ಆದರೂ ಚರ್ಮಕ್ಕೆ ಮೇಲಲ್ಲ. ಇದರಲ್ಲಿ ಓಲಿಕ್ ಆಮ್ಲ ಹೆಚ್ಚು, ಅದು ಗಾರೆಯನ್ನು ಸಡಿಲಿಸುತ್ತದೆ. 2013ರಲ್ಲಿ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಕೆಲವು ವಾರ ಹಚ್ಚಿದವರ ಚರ್ಮ ದುರ್ಬಲವಾಗಿ ಕೆಂಪಾಯಿತು.
* ಸಾಸಿವೆ ಎಣ್ಣೆ: ಇದರ ಘಾಟು ಚರ್ಮವನ್ನು ಕೆರಳಿಸಬಹುದು.

3. ಹಸುಗೂಸಿನ ವಿಷಯ
ಢಾಕಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯ ಸೋಂಕು ಶೇ. 41ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ವರದಿಯಾಯಿತು. ಮುಂದಿನ ಅಧ್ಯಯನಗಳಲ್ಲಿ ಎಲ್ಲ ಕಡೆ ಇದೇ ಫಲ ಸಿಗಲಿಲ್ಲ. ಹಾಗಾಗಿ ಅಂಥ ಮಗುವಿಗೆ ಡಾಕ್ಟರನ್ನು ಕೇಳದೆ ಏನನ್ನೂ ಹಚ್ಚಬೇಡಿ.

ನೀರೆರೆಯುವಾಗ ಮಗುವಿನ ಮೂಗಿಗೆ ಎಣ್ಣೆ ಬಿಡುವುದು ನಮ್ಮಲ್ಲಿ ಹಳೆಯ ರೂಢಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಮಗುವಿನ ಜೀವಕ್ಕೇ ಅಪಾಯ. ಅಜ್ಜಿಯಂದಿರಿಗೆ ಇದನ್ನು ಪ್ರೀತಿಯಿಂದ ತಿಳಿಸಿ ಹೇಳಿ. ಕರ್ಪೂರ ಬೆರೆಸಿದ ಎಣ್ಣೆಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಲೇಬಾರದು.

4. ಎಲ್ಲಿ ಎಣ್ಣೆ ಬೇಡ?
* ಸುಟ್ಟ ಗಾಯಕ್ಕೆ. ಮೊದಲು 20 ನಿಮಿಷ ಹರಿಯುವ ತಣ್ಣೀರು ಬಿಡಿ.
* ಕೀವು, ನೀರು ಸೋರುವ ಹುಣ್ಣಿಗೆ.
* ಮೊಡವೆ ಇರುವ ಮುಖಕ್ಕೆ ತೆಂಗಿನೆಣ್ಣೆ.
* ಕರಿದು ಉಳಿದ ಎಣ್ಣೆ, ಕಮಟು ವಾಸನೆಯ ಎಣ್ಣೆ ಎಲ್ಲಿಗೂ ಬೇಡ.

ಸಕ್ಕರೆ ಕಾಯಿಲೆ ಇರುವವರ ಹಿಮ್ಮಡಿ ಒಡೆದರೆ, ತುರಿಕೆ ದುಂಡಗೆ ಹರಡಿದರೆ ಎಣ್ಣೆ ಹಚ್ಚಿ ದಿನ ದೂಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಡಾಕ್ಟರ್ ಬರೆದುಕೊಡದ ಸ್ಟೀರಾಯ್ಡ್ ಕ್ರೀಮು ಬೇಡವೇ ಬೇಡ, ಅದು ಚರ್ಮವನ್ನು ತೆಳ್ಳಗೆ ಮಾಡುತ್ತದೆ.

ಸಂಘದಲ್ಲಿ ಚರ್ಚಿಸಿ
1. ನಮ್ಮ ಮನೆಯಲ್ಲಿ ಕ್ರೀಮಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ? ಅದರಲ್ಲಿ ಎಷ್ಟು ಉಳಿಸಬಹುದು?
2. ನಮ್ಮ ಊರಿನ ಬಾಣಂತಿಯರಿಗೆ ಮೂಗಿನ ಎಣ್ಣೆಯ ವಿಷಯ ಯಾರು, ಯಾವಾಗ ಹೇಳುತ್ತೀರಿ? ಹೆಸರು ಬರೆದಿಟ್ಟುಕೊಳ್ಳಿ.