ವಸ್ತು ನಮ್ಮದು, ಬದಲಾಯಿಸುವ ಹಕ್ಕು ಎಲ್ಲಿಯವರೆಗೆ?

ಕಳೆದ ಮಳೆಗಾಲದಲ್ಲಿ ನಮ್ಮ ಉಡುಪಿ ಜಿಲ್ಲೆಯ ಕೆಮ್ಮಣ್ಣಿನ ತೂಗುಸೇತುವೆ ದಾಟುವಾಗ ನನ್ನ ಫೋನು ಕೈಜಾರಿ ಬಿತ್ತು. ಹೊಳೆಗೆ ಬೀಳಲಿಲ್ಲ ಎನ್ನುವುದೇ ಸಮಾಧಾನ, ಗಾಜು ಮಾತ್ರ ಪೂರ್ತಿ ಬಿರುಕು ಬಿಟ್ಟಿತ್ತು. ಸಂತೆಕಟ್ಟೆಯ ಅಂಗಡಿಯೊಂದರಲ್ಲಿ ಡಿಸ್‌ಪ್ಲೇ ಹಾಕಿಸಿದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಸ್ಪೀಕರ್ ನಿಂತುಹೋಯಿತು. ವಾರಂಟಿ ಇನ್ನೂ ಉಳಿದಿತ್ತು. ಸರ್ವಿಸ್ ಸೆಂಟರಿನ ಹುಡುಗ ಹಿಂಬದಿ ತೆರೆದು ನೋಡಿ, "ಹೊರಗೆ ಬಿಚ್ಚಿಸಿದ್ದೀರಿ ಸರ್, ವಾರಂಟಿ ಹೋಯ್ತು" ಎಂದ. "ಡಿಸ್‌ಪ್ಲೇ ಬದಲಾಯಿಸಿದ್ದರಿಂದಲೇ ಸ್ಪೀಕರ್ ಹಾಳಾಗಿದೆ ಅಂತ ಬರೆದುಕೊಡಿ" ಎಂದು ಕೇಳಿದೆ. ಒಳಗೆ ಹೋದವನು ಹತ್ತು ನಿಮಿಷ ಬಿಟ್ಟು ಬಂದು ಫೋನನ್ನು ರಿಪೇರಿಗೆ ತೆಗೆದುಕೊಂಡ.

ಬರೆದುಕೊಡಿ ಎಂಬ ಆ ಒಂದು ಮಾತಿಗೆ ಎಷ್ಟು ಬಲವಿದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಇನ್ನೊಂದು ಕಡೆ, ದುಡ್ಡು ಕೊಟ್ಟು ಕೊಂಡ ಮೇಲೆ ಏನು ಬೇಕಾದರೂ ಮಾಡಬಹುದು ಎಂದುಕೊಂಡು ಬೈಕಿಗೆ ಸದ್ದಿನ ಸೈಲೆನ್ಸರ್ ಹಾಕಿಸಿ ದಂಡ ಕಟ್ಟುವವರೂ ಇದ್ದಾರೆ. ರಿಪೇರಿಯೇ ಬೇರೆ, ಮಾರ್ಪಾಡೇ ಬೇರೆ. ಹಾಳಾದದ್ದನ್ನು ಮೊದಲಿನ ಸ್ಥಿತಿಗೆ ತರುವುದು ರಿಪೇರಿ, ಮೊದಲು ಇಲ್ಲದ್ದನ್ನು ಸೇರಿಸುವುದು ಮಾರ್ಪಾಡು. ಈ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಮೊದಲು ಬಿಲ್ಲು

ಬಿಲ್ಲಿಲ್ಲದೆ ಯಾವ ಹಕ್ಕನ್ನೂ ಸಾಬೀತು ಮಾಡುವುದು ಕಷ್ಟ. "ಬಿಲ್ಲು ಬೇಡವಾದರೆ ಕಡಿಮೆ ಮಾಡಿಕೊಡುತ್ತೇವೆ" ಎಂಬ ಮಾತಿಗೆ ಒಪ್ಪಬೇಡಿ. ಬಿಲ್ಲು ಕೊಡದಿರುವುದೇ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನ ಅಕ್ಷರ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ, ಹಾಗಾಗಿ ಕೊಂಡ ದಿನವೇ ಅದರ ಮತ್ತು ವಾರಂಟಿ ಕಾರ್ಡಿನ ಫೋಟೋ ತೆಗೆದಿಡಿ. ದುಬೈ, ಕುವೈತ್‌ನಿಂದ ಮನೆಯವರು ತಂದ ಸಾಮಾನಾದರೆ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಅಲ್ಲಿಯೇ ವಿಚಾರಿಸಿ ತರಲು ಹೇಳಿ. ಕೆಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ ಸೀಮಿತ.

ಹೊರಗೆ ರಿಪೇರಿ ಮಾಡಿಸಿದರೆ

ರಿಪೇರಿಯ ಹಕ್ಕಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಬಂದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ರಿಪೇರಿ ಹಕ್ಕಿನ ಪೋರ್ಟಲ್ ಆರಂಭಿಸಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಇಲೆಕ್ಟ್ರಾನಿಕ್ಸ್, ಫ್ರಿಜ್ಜು–ವಾಷಿಂಗ್ ಮೆಷಿನ್‌ನಂತಹ ಗೃಹೋಪಯೋಗಿ ವಸ್ತುಗಳು ಮತ್ತು ವಾಹನ ಎಂಬ ನಾಲ್ಕು ವಿಭಾಗಗಳು ಅದರಲ್ಲಿವೆ. ಬಿಡಿಭಾಗ, ವಾರಂಟಿ, ಅಧಿಕೃತ ಸರ್ವಿಸ್ ಕೇಂದ್ರಗಳ ಮಾಹಿತಿಯನ್ನು ಅಲ್ಲಿ ನೋಡಬಹುದು.

ಇದಕ್ಕಿಂತ ಗಟ್ಟಿ ಆಧಾರ 2014ರ ಆಗಸ್ಟ್‌ನದು. ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದ ಪ್ರಕರಣ ಅದು. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು ಎಂದ ಆಯೋಗ, ಹೊರಗೆ ರಿಪೇರಿ ಮಾಡಿಸಿದರೆಂಬ ಕಾರಣಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಶರತ್ತು ಹಾಕಬಾರದು ಎಂದೂ ಹೇಳಿತು. ಹೊರಗಿನ ರಿಪೇರಿಯ ತಪ್ಪಿನಿಂದ ಎಷ್ಟು ಹಾಳಾಗಿದೆಯೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು. ಆದೇಶದ ಮೇಲೆ ಮೇಲ್ಮನವಿಗಳು ನಡೆದವು, ಅದು ಕಾರುಗಳ ಪ್ರಕರಣ ಎಂಬುದೂ ನಿಜ. ಆದರೂ ಅದರ ಹಿಂದಿನ ನ್ಯಾಯ ಮಿಕ್ಸಿಗೂ ಫೋನಿಗೂ ಒಂದೇ ಎಂದು ನಾನು ನಂಬುತ್ತೇನೆ. ಡಿಸ್‌ಪ್ಲೇಗೂ ಸ್ಪೀಕರಿಗೂ ಏನು ಸಂಬಂಧ ಎಂದು ಕೇಳುವ ಹಕ್ಕು ನಿಮಗಿದೆ.

ವಾರಂಟಿ ಇಲ್ಲ ಎಂದರೆ ಜಾಬ್ ಶೀಟಿನಲ್ಲಿ ಕಾರಣ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಕಂಪನಿಗೆ ಆ ದಿನವೇ ಇಮೇಲ್ ಮಾಡಿ, ಹೋದ ಹೊತ್ತು ಮತ್ತು ಕೇಳಿದ ಮಾತು ಎರಡನ್ನೂ ದಾಖಲಿಸಿ. ಹೊರಗೆ ರಿಪೇರಿ ಮಾಡಿಸುವಾಗ ತೆಗೆದ ಹಳೆಯ ಬಿಡಿಭಾಗವನ್ನು ಕೇಳಿ ಮನೆಗೆ ತನ್ನಿ, ಹಾಕಿದ ಹೊಸ ಭಾಗಕ್ಕೆ ಚೀಟಿ ಪಡೆಯಿರಿ.

ವಾಹನ: ಗೆರೆ ಎಲ್ಲಿದೆ

ಹೆಚ್ಚು ಜನ ಎಡವುವುದು ಇಲ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಇದರ ವ್ಯಾಪ್ತಿ ಎಷ್ಟು ಎಂಬ ತಕರಾರು ನೆರೆಯ ಕೇರಳದಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಜನವರಿ 9ರಂದು ನ್ಯಾಯಮೂರ್ತಿ ಅರುಣ್ ಮಿಶ್ರಾ ಮತ್ತು ವಿನೀತ್ ಸರನ್ ಅವರ ಪೀಠ, ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾದ ಬದಲಾವಣೆಗೆ ಅವಕಾಶವಿಲ್ಲ ಎಂದು ತೀರ್ಪು ಕೊಟ್ಟಿತು. ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ ಆಗಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಬೇರೆಯೇ ಕಲಮು: 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆ, ಜೊತೆಗೆ ಮೂರು ತಿಂಗಳು ಲೈಸೆನ್ಸಿಗೂ ಕುತ್ತು.

ಅಂದರೆ ಸೀಟಿನ ಕವರ್, ಮ್ಯಾಟ್, ಹಾಡಿನ ಸೆಟ್ ನಿಮ್ಮಿಷ್ಟ. ಚಾಸಿಸ್ ಕತ್ತರಿಸುವುದು, ಸೈಲೆನ್ಸರ್ ಕೊರೆಯುವುದು, ಕಾರಿನ ಮುಂದೆ ಕಬ್ಬಿಣದ ಗಾರ್ಡ್ ಕಟ್ಟುವುದು ನಿಮ್ಮಿಷ್ಟವಲ್ಲ. ಗಾರ್ಡಿನ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಕಾರಿನ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜುಗಳಲ್ಲಿ ಶೇ 50ರಷ್ಟು ಬೆಳಕು ಹಾಯಬೇಕು. ಬಣ್ಣ ಬದಲಾಯಿಸುವುದಾದರೆ ಆರ್‌ಸಿಯಲ್ಲೂ ಬಣ್ಣ ಬದಲಾಗಬೇಕು. ಎಂಜಿನ್ ಬದಲಿಗೆ, ಗ್ಯಾಸ್ ಕಿಟ್‌ಗೆ ಕಾಯ್ದೆಯಲ್ಲೇ ದಾರಿಯಿದೆ. ಮಾನ್ಯತೆ ಪಡೆದ ಕಿಟ್ಟೇ ಆಗಬೇಕು. ಕೆಎ–20ರ ವಾಹನವಾದರೆ ಉಡುಪಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲು ಒಪ್ಪಿಗೆ ಪಡೆದು, ಕೆಲಸ ಮುಗಿದ ಮೇಲೆ ಆರ್‌ಸಿಯಲ್ಲಿ ನಮೂದು ಮಾಡಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ತಿಳಿಸದೆ ಹಾಕಿಸಿದ ಕಿಟ್ಟು ಅಪಘಾತದ ದಿನ ಕ್ಲೇಮಿಗೆ ಅಡ್ಡ ಬರುತ್ತದೆ.

ಅಂಗವಿಕಲರಿಗಾಗಿ ವಾಹನ ಮಾರ್ಪಡಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ನಮ್ಮ ಬೀದಿಯ ಅಣ್ಣನೊಬ್ಬರು ಪಕ್ಕದ ಎರಡು ಚಕ್ರ ಸೇರಿಸಿದ ಸ್ಕೂಟರಿನಲ್ಲಿ ಹೂಡೆಗೆ ಮೀನು ತರಲು ಹೋಗಿಬರುತ್ತಾರೆ. ಅವರ ಆರ್‌ಸಿಯಲ್ಲಿ ಆ ಚಕ್ರಗಳ ನಮೂದು ಇದೆ. ತಪಾಸಣೆಯಲ್ಲಿ ಅದನ್ನು ತೋರಿಸಿದರೆ ಮುಗಿಯಿತು.

ಮನೆಯಲ್ಲಿ, ಕೈಯಲ್ಲಿ, ಕಡಲಲ್ಲಿ

ಮನೆಯ ಗೋಡೆಯ ಮೇಲಿನ ವಿದ್ಯುತ್ ಮೀಟರಿನ ಸೀಲು ಮುಟ್ಟುವ ಹಕ್ಕು ನಮಗೆ ಇಲ್ಲ. 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಅಪರಾಧ. ಮೀಟರ್ ಓಡುವ ರೀತಿಯ ಬಗ್ಗೆ ಅನುಮಾನವಿದ್ದರೆ ಮೆಸ್ಕಾಂಗೆ ಅರ್ಜಿ ಕೊಟ್ಟು ಪರೀಕ್ಷೆ ಮಾಡಿಸಿ. ಅಡುಗೆ ಗ್ಯಾಸಿನ ಸಿಲಿಂಡರಿಗೆ ನಾವು ಕಟ್ಟಿರುವುದು ಠೇವಣಿ ಮಾತ್ರ, ಸಿಲಿಂಡರ್ ಕಂಪನಿಯದ್ದು, ಅದನ್ನು ಬದಲಾಯಿಸುವ ಹಕ್ಕೂ ನಮಗಿಲ್ಲ. ಫೋನಿನ ಗಾಜು ಬದಲಾಯಿಸಬಹುದು, ಫೋನಿನ ಗುರುತಾದ ಐಎಂಇಐ ಸಂಖ್ಯೆ ಬದಲಾಯಿಸುವಂತಿಲ್ಲ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಸಜೆ, 50 ಲಕ್ಷದವರೆಗೆ ದಂಡ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವಾಗ *#06# ಒತ್ತಿ, ಬರುವ ಸಂಖ್ಯೆಯನ್ನು ಡಬ್ಬಿ ಮತ್ತು ಬಿಲ್ಲಿನ ಜೊತೆ ಹೋಲಿಸಿ ನೋಡಿ.

ಮಲ್ಪೆಯ ಬಂದರು ಬಲ್ಲವರಿಗೆ ಇನ್ನೊಂದು ಉದಾಹರಣೆ ಬೇಕಿಲ್ಲ. ದೋಣಿ ಸ್ವಂತದ್ದು, ಸಾಲ ಸ್ವಂತದ್ದು. ಆದರೂ ಅದಕ್ಕೆ ಜನರೇಟರ್ ಕೂರಿಸಿ ಎಲ್‌ಇಡಿ ಬೆಳಕಿನಲ್ಲಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಬೆಳಕಿಗೆ ಮರಿಮೀನೂ ಬರುತ್ತದೆ, ನಾಡದೋಣಿಯವರ ಬಲೆ ಖಾಲಿಯಾಗುತ್ತದೆ. ಕಡಲು ಎಲ್ಲರದ್ದು, ಆದ್ದರಿಂದ ಈ ನಿಷೇಧ ಸರಿ ಎಂದೇ ನನ್ನ ಅಭಿಪ್ರಾಯ.

ದೂರು ಕೊಡುವ ದಾರಿ

ಮೊದಲು ಒಂದು ಎಚ್ಚರಿಕೆ. ವಸ್ತುವಿನಿಂದ ಗಾಯ, ನಷ್ಟ ಆದಾಗ ಅದು ಮಾರ್ಪಡಿಸಿದ ಸ್ಥಿತಿಯಲ್ಲಿದ್ದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯ 87ನೇ ಕಲಮಿನಂತೆ ಮಾರಿದವರ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಿಲ್ಲುವುದಿಲ್ಲ. ಕುಕ್ಕರಿನ ಸೇಫ್ಟಿ ವಾಲ್ವ್ ಜಾಗಕ್ಕೆ ಬೋಲ್ಟು ಬಿಗಿಯುವವರು ಇದನ್ನು ನೆನಪಿಡಬೇಕು.

ವಸ್ತುವನ್ನು ನೀವು ಮಾರ್ಪಡಿಸಿಲ್ಲ, ತಪ್ಪು ಅವರದೇ ಎಂದಾದರೆ ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆದು 15 ದಿನ ಕಾಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಉಡುಪಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಂಡದ್ದು ಬೆಂಗಳೂರಿನಲ್ಲಾದರೂ ಆನ್‌ಲೈನಿನಲ್ಲಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗಿನ ಪ್ರಕರಣವನ್ನು ಜಿಲ್ಲಾ ಆಯೋಗವೇ ನೋಡುತ್ತದೆ. ದೋಷ ಹೊರಗಿನ ರಿಪೇರಿಯಿಂದ ಬಂತೋ ತಯಾರಿಕೆಯಿಂದಲೋ ಎಂಬ ಜಗಳವಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಆಯೋಗಕ್ಕೆ ಅಧಿಕಾರವಿದೆ, ಅದನ್ನು ಅರ್ಜಿಯಲ್ಲೇ ಕೇಳಿಕೊಳ್ಳಿ.

ಬಸ್ರೂರಿನ ಬಳಕೆದಾರರ ವೇದಿಕೆಯ ಮೂಲಕ ಡಾ. ರವೀಂದ್ರನಾಥ ಶಾನುಭಾಗರು ಗ್ರಾಹಕರ ಪರವಾಗಿ ದಶಕಗಳ ಕಾಲ ದುಡಿದ ಜಿಲ್ಲೆ ಇದು. ಇಲ್ಲಿನವರು ದೂರು ಕೊಡಲು ಹಿಂಜರಿಯಬೇಕಾಗಿಲ್ಲ. ದಿನಾಂಕ ಮಾತ್ರ ಮರೆಯಬೇಡಿ: ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಆಯೋಗದ ಮುಂದಿರಬೇಕು. ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.