ಸದಸ್ಯ ಶಿಕ್ಷಣ ಪಾಠ: ಅಳತೆಗೋಲು ಎಲ್ಲರಿಗೂ ಒಂದೇ ಇರಲಿ



ಗರ್ಬರ್ ವಿಧಾನದ ಜಿಡ್ಡಿನ ಪರೀಕ್ಷೆಯನ್ನು ತಮ್ಮಲ್ಲಿ ಅನೇಕರು ನೋಡಿದ್ದೀರಿ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸಿದರೆ ಜಿಡ್ಡು ಎಷ್ಟೆಂದು ಕೊಳವೆಯ ಗೆರೆಯೇ ಹೇಳುತ್ತದೆ. ಹಾಲು ತಂದವರು ಜಮೀನ್ದಾರರೋ ಕೂಲಿಯವರೋ, ಗಂಡಸರೋ ಹೆಂಗಸರೋ ಎಂದು ಅದು ಕೇಳುವುದಿಲ್ಲ. ಅದಕ್ಕೇ ನಮಗೆ ಅದರ ಮೇಲೆ ನಂಬಿಕೆ.

ಆದರೆ ಆ ಪರೀಕ್ಷೆ ಮಾಡುವ ನೌಕರರ ಕೆಲಸವನ್ನು ಅಳೆಯಲು ಇಂತಹ ಕೊಳವೆ ಇಲ್ಲ. ಅಲ್ಲಿ ಅಳೆಯುವವರು ಮನುಷ್ಯರು. ಸಂಘದ ಕಾರ್ಯದರ್ಶಿ, ಹಾಲು ಪರೀಕ್ಷಕರು, ಸಹಾಯಕರು ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆಯೇ ಎಂದು ತೀರ್ಮಾನಿಸುವವರು ತಾವೇ ಆರಿಸಿದ ಆಡಳಿತ ಮಂಡಳಿಯವರು.

ಒಂದೇ ಕೆಲಸ, ಎರಡು ಮಾತು

ಎರಡು ಸಂಘಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಪರೀಕ್ಷಕ ಗಂಡಸು, ಇನ್ನೊಂದರಲ್ಲಿ ಹೆಣ್ಣುಮಗಳು. ಇಬ್ಬರೂ ನೀರು ಬೆರೆಸಿದ ಹಾಲನ್ನು ಹಿಂದಕ್ಕೆ ಕಳಿಸುತ್ತಾರೆ. ಅವನಿಗೆ ‘ಶಿಸ್ತಿನ ಮನುಷ್ಯ’ ಎಂಬ ಹೆಸರು. ಆಕೆಗೆ ‘ಬಾಯಿ ಜೋರು, ಹೊಂದಿಕೊಳ್ಳುವುದಿಲ್ಲ’ ಎಂಬ ದೂರು. ಮಗುವಿಗೆ ಜ್ವರವೆಂದು ಅವನು ಒಂದು ದಿನ ರಜೆ ಹಾಕಿದರೆ ‘ಒಳ್ಳೆಯ ತಂದೆ’. ಆಕೆ ಹಾಕಿದರೆ ‘ಹೆಂಗಸರನ್ನು ಇಟ್ಟುಕೊಂಡರೆ ಇದೇ ಗೋಳು’.

ಹೀಗೆ ಮಾತನಾಡುವವರು ಕೆಟ್ಟವರೇನಲ್ಲ. ಹೆಣ್ಣು ಮೆದುವಾಗಿರಬೇಕು ಎಂಬ ಹಳೆಯ ನಿರೀಕ್ಷೆ ಮನಸ್ಸಿನಲ್ಲಿ ಕುಳಿತಿರುತ್ತದೆ. ಆಕೆ ಮೆದುವಾದರೆ ‘ಗಟ್ಟಿಯಿಲ್ಲ’, ಗಟ್ಟಿಯಾದರೆ ‘ಮೆದುವಿಲ್ಲ’. ಎರಡೂ ಕಡೆ ಅಂಕ ಕಡಿಮೆ. ಹೆಂಗಸರೇ ಅಳೆಯುವ ಜಾಗದಲ್ಲಿ ಕುಳಿತರೂ ಈ ತಪ್ಪು ಆಗಬಹುದು.

ಕೊಡಗಿನ ಹೆಣ್ಣುಮಗಳ ಮೊಕದ್ದಮೆ

ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಸೇರುವಾಗಲೇ ಬರೆದುಕೊಡಬೇಕಾಯಿತು. ಗಂಡಸರಿಗೆ ಈ ಷರತ್ತು ಇರಲಿಲ್ಲ. ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದು ಎಂದು 1961ರ ನಿಯಮವೂ ಹೇಳುತ್ತಿತ್ತು.

ಅವರು 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆದರೂ ಮೇಲಿನ ದರ್ಜೆಯ ಬಡ್ತಿ ಬಂದಾಗ ‘ಸಾಕಷ್ಟು ಅರ್ಹತೆಯಿಲ್ಲ’ ಎಂದು ಕೈಬಿಡಲಾಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಕೆಲವೇ ತಿಂಗಳಲ್ಲಿ ಅದೇ ಅಧಿಕಾರಿಯನ್ನು ಅರ್ಹರೆಂದು ಕಂಡು ಬಡ್ತಿ ಕೊಟ್ಟರು! ಬಡ್ತಿ ಸಿಕ್ಕಿದ್ದರಿಂದಲೂ, ತಾರತಮ್ಯದ ನಿಯಮಗಳನ್ನು ತೆಗೆಯಲು ಸರ್ಕಾರ ಮುಂದಾದ್ದರಿಂದಲೂ 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಅರ್ಜಿಯನ್ನು ಮುಗಿಸಿತು. ಆದರೆ ನಿಯಮಗಳನ್ನು ಕಟುವಾಗಿ ಟೀಕಿಸಿ, ಮುತ್ತಮ್ಮನವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಲು ಸೂಚಿಸಿತು.

ನಮಗೆ ಪಾಠವೇನು? ‘ಅರ್ಹತೆಯಿಲ್ಲ’ ಎಂಬುದು ಬರೆಯಲು ಸುಲಭವಾದ ಮಾತು. ಯಾವ ಕೆಲಸದಲ್ಲಿ, ಎಷ್ಟು ಕೊರತೆ ಎಂದು ಕೇಳಿದಾಗಲೇ ಅದರ ಗಟ್ಟಿತನ ತಿಳಿಯುವುದು.

ಸೇನೆಯ ವಾರ್ಷಿಕ ವರದಿಗಳು

2021ರ ಮಾರ್ಚ್ 25ರಂದು ಸುಪ್ರೀಂ ಕೋರ್ಟು ಸೇನೆಯ ಮಹಿಳಾ ಅಧಿಕಾರಿಗಳ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕಾಯಂ ಸೇವೆಗೆ ಆಯ್ಕೆ ಮಾಡುವಾಗ ಅವರ ಹಳೆಯ ವಾರ್ಷಿಕ ಗೋಪ್ಯ ವರದಿಗಳನ್ನು ಆಧಾರವಾಗಿ ಹಿಡಿದಿದ್ದರು. ಆ ವರದಿಗಳನ್ನು ಬರೆದ ಕಾಲದಲ್ಲಿ ಈ ಮಹಿಳೆಯರಿಗೆ ಕಾಯಂ ಸೇವೆಯ ದಾರಿಯೇ ಇರಲಿಲ್ಲ. ‘ಇವರು ಹೇಗೂ ಮುಂದೆ ಹೋಗುವವರಲ್ಲ’ ಎಂದ ಮೇಲೆ ಮೇಲಧಿಕಾರಿಗಳು ಎಚ್ಚರದಿಂದ ಅಂಕ ಕೊಡುವುದುಂಟೇ? ನಂತರದ ವರ್ಷಗಳ ಸಾಧನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಳತೆ ಮೇಲುನೋಟಕ್ಕೆ ಸಮವಾಗಿ ಕಂಡರೂ ಫಲದಲ್ಲಿ ತಾರತಮ್ಯವಾಗಿದೆ ಎಂದು ನ್ಯಾಯಾಲಯ ಹೇಳಿತು.

ನಮ್ಮಲ್ಲಿಯೂ ಹಾಗೆಯೇ. ತರಬೇತಿಗೆ ಪ್ರತಿ ಸಲ ಗಂಡು ನೌಕರರನ್ನೇ ಕಳಿಸಿ, ಆಮೇಲೆ ‘ಆಕೆಗೆ ಯಂತ್ರ ಗೊತ್ತಿಲ್ಲ’ ಎಂದರೆ ತಪ್ಪು ಯಾರದು?

ಆಡಳಿತ ಮಂಡಳಿ ಮಾಡಬಹುದಾದ್ದು

1. ಯಾವ ಕೆಲಸವನ್ನು ಅಳೆಯುತ್ತೀರಿ ಎಂದು ವರ್ಷದ ಮೊದಲೇ ಬರೆದಿಡಿ. ಸಮಯಕ್ಕೆ ಬಾಗಿಲು ತೆರೆಯುವುದು, ಸಂಘದ ಪರೀಕ್ಷೆಗೂ ಒಕ್ಕೂಟದ ಪರೀಕ್ಷೆಗೂ ಬರುವ ವ್ಯತ್ಯಾಸ, ಹುಳಿಯಾಗಿ ಹಿಂತಿರುಗಿದ ಹಾಲು, ಲೆಕ್ಕಪುಸ್ತಕ, ಬಟವಾಡೆ.

2. ಸಭೆಯಲ್ಲಿ ನೆನಪಿನಿಂದ ಮಾತನಾಡಬೇಡಿ, ದಾಖಲೆ ತೆರೆಯಿರಿ. ಆಕೆಯ ಒಂದು ತಪ್ಪು ನೆನಪಿನಲ್ಲಿ ಉಳಿದು, ಅವನ ನಾಲ್ಕು ತಪ್ಪು ಮರೆತಿರಬಹುದು.

3. ಷರಾ ಬರೆಯುವ ಮುನ್ನ ಹೆಸರು ಅದಲುಬದಲು ಮಾಡಿ ನೋಡಿ. ಗಂಡು ನೌಕರನಿಗೂ ಇದೇ ಮಾತು ಬರೆಯುತ್ತಿದ್ದಿರಾ?

4. ಸ್ವಭಾವದ ಬಗ್ಗೆ ಬರೆಯಬೇಡಿ, ಕೆಲಸದ ಬಗ್ಗೆ ಬರೆಯಿರಿ. ‘ಜಗಳಗಂಟಿ’ ಎಂದರೆ ಯಾರಿಗೂ ಏನೂ ತಿಳಿಯದು. ‘ಇಂಥ ದಿನ ಇಂಥ ಸದಸ್ಯರ ಹಾಲನ್ನು ಪರೀಕ್ಷಿಸದೆ ಹಿಂತಿರುಗಿಸಿದರು’ ಎಂದರೆ ತಿಳಿಯುತ್ತದೆ.

5. ಬರೆದ ಷರಾವನ್ನು ನೌಕರರಿಗೆ ತೋರಿಸಿ, ಉತ್ತರ ಕೊಡಲು ಅವಕಾಶವಿರಲಿ.

ಹೆಣ್ಣುಮಕ್ಕಳಿಗೆ ರಿಯಾಯಿತಿ ತೋರಿಸಿ ಎಂದು ಇದರ ಅರ್ಥವಲ್ಲ. ಅಳತೆ ತಪ್ಪಿದ್ದರೆ ತಪ್ಪೆಂದೇ ಬರೆಯಿರಿ, ಯಾರದಾದರೂ ಸರಿ.

ನಷ್ಟ ಯಾರಿಗೆ?

ನೀರು ಹಾಲನ್ನು ತಡೆದದ್ದಕ್ಕೆ ಬೈಸಿಕೊಂಡ ಪರೀಕ್ಷಕಿ ಮುಂದಿನ ಸಲ ಸುಮ್ಮನಾಗುತ್ತಾಳೆ. ಆ ಹಾಲು ಕ್ಯಾನಿನಲ್ಲಿ ತಮ್ಮ ಗಟ್ಟಿ ಹಾಲಿನೊಡನೆ ಬೆರೆಯುತ್ತದೆ. ಒಕ್ಕೂಟದಲ್ಲಿ ಸಂಘದ ಹಾಲಿನ ಗುಣಮಟ್ಟ ಕಡಿಮೆ ಬರುತ್ತದೆ, ಹಣವೂ ಕಡಿಮೆ ಬರುತ್ತದೆ. ನೌಕರರಿಗಾದ ಅನ್ಯಾಯ ಹೀಗೆ ನಿಷ್ಠೆಯಿಂದ ಹಾಲು ಹಾಕುವ ಪ್ರತಿ ಸದಸ್ಯರ ಮನೆಗೂ ತಲುಪುತ್ತದೆ.

ಚರ್ಚೆಗೆ ಪ್ರಶ್ನೆಗಳು

ಅ) ನಮ್ಮ ಸಂಘದ ನೌಕರರ ಬಗ್ಗೆ ಕಳೆದ ಸಭೆಯಲ್ಲಿ ಆಡಿದ ಮಾತುಗಳಲ್ಲಿ ಕೆಲಸದ ಬಗ್ಗೆ ಎಷ್ಟು, ಸ್ವಭಾವದ ಬಗ್ಗೆ ಎಷ್ಟು?

ಆ) ಕಳೆದ 3 ವರ್ಷಗಳಲ್ಲಿ ತರಬೇತಿಗೆ ಯಾರು ಯಾರು ಹೋಗಿದ್ದಾರೆ?

ಇ) ಹಾಲನ್ನು ಅಳೆಯುವಷ್ಟೇ ಎಚ್ಚರದಿಂದ ನಾವು ಹಾಲು ಅಳೆಯುವವರನ್ನು ಅಳೆಯುತ್ತಿದ್ದೇವೆಯೇ?

ಮುಂದಿನ ಸಭೆಯಲ್ಲಿ ಈ ಪಾಠವನ್ನು ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ಕೂಡಿ ಚರ್ಚಿಸಬೇಕಾಗಿ ಕೋರಿಕೆ.